ಅತ್ತೆಯ ಸೀಟಿನ ಹಿಂದಿನ ಬ್ಯಾಟರಿ

ನನ್ನ ಸೋದರಮಾವ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ, ಅಚ್ಚು ಉಪಕರಣಗಳು ತಯಾರಾಗುವ ಟೂಲ್‌ರೂಮಿನಲ್ಲಿ ಇನ್ಸ್‌ಪೆಕ್ಟರ್ ಆಗಿದ್ದರು. ಬಾಗಲಕೋಟೆ ಕಡೆಯಿಂದ ಹೈದರಾಬಾದಿಗೆ ಬಂದವರಲ್ಲಿ ನಮ್ಮ ಮನೆತನಕ್ಕೆ ಅವರೇ ಮೊದಲಿಗರು. ಬೇರೆಯವರು ಮಾಡಿದ್ದನ್ನು ಅಳೆದು ನೋಡಿ, ಸರಿಯಿದ್ದರೆ ಸಹಿ ಹಾಕುವುದು, ಇಲ್ಲದಿದ್ದರೆ ತಿರುಗಿ ಕಳಿಸುವುದು ಅವರ ಕೆಲಸ. ಮನೆಯಲ್ಲೂ ಹಾಗೆಯೇ ಇದ್ದರು. ಅಂಥ ಮನುಷ್ಯ ಜೀವನದಲ್ಲಿ ಮಾಡಿದ ಅಳತೆ ಮೀರಿದ ಕೆಲಸ ಒಂದೇ. ಅವರೊಂದು ಸ್ಪೋರ್ಟ್ಸ್ ಕಾರು ಕೊಂಡರು.

ಅದು ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ವಿದೇಶಿ ಎಂಜಿನಿಯರೊಬ್ಬನದು. ಊರಿಗೆ ಮರಳುವಾಗ ಅವನು ಅದನ್ನು ಮಾರಿ ಹೋದ. ಎರಡೇ ಸೀಟು, ಮಡಚಿಡುವ ಕ್ಯಾನ್ವಾಸಿನ ಚಾವಣಿ, ನೆಲಕ್ಕೆ ತಾಗುವಂತಿದ್ದ ಹೊಟ್ಟೆ. ಮಕ್ಕಳುಮರಿ ಇದ್ದವರು ಯಾರೂ ಅದನ್ನು ಕೇಳಲಿಲ್ಲ. ಮಾಮಾ ಮತ್ತು ಅತ್ತೆಗೆ ಮಕ್ಕಳಿರಲಿಲ್ಲ. ಕಾರು ತಾರ್ನಾಕದ ಮನೆಯ ಮುಂದೆ ಬಂದು ನಿಂತ ದಿನ ಅಕ್ಕಪಕ್ಕದವರು ನಕ್ಕರಂತೆ. ಅತ್ತೆ ಮಾತ್ರ, ಇರೋರು ನಾವಿಬ್ಬರು, ಎರಡು ಸೀಟು ಸಾಕಲ್ಲ ಅಂದು ಆರತಿ ತಟ್ಟೆ ತಂದರಂತೆ. ನಾನು ಚಿಕ್ಕವಳಿದ್ದಾಗ ಅವರಿಬ್ಬರ ನಡುವೆ, ಗೇರಿನ ಕಡ್ಡಿ ಮೊಣಕಾಲಿಗೆ ತಾಗುವಂತೆ ತೂರಿಕೊಂಡು ಕೂತು ಹೋಗಿದ್ದೇನೆ.

ಮಾಮಾ ನಿವೃತ್ತರಾದ ಎರಡನೆಯ ವರ್ಷ ಅತ್ತೆಯ ಎರಡೂ ಮೂತ್ರಪಿಂಡ ಕೆಲಸ ನಿಲ್ಲಿಸಿದವು. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿ ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗಬೇಕು. ಬಸ್ಸು ಅವರಿಂದಾಗದು, ಆಟೋದ ಕುಲುಕಾಟಕ್ಕೆ ಬರುವ ದಾರಿಯಲ್ಲಿ ವಾಂತಿಯಾಗುತ್ತಿತ್ತು. ಹಾಗಾಗಿ ಒಂದು ಕಾಲಕ್ಕೆ ಗಾಳಿಗೆ ಸೆರಗು ಹಾರಿಸಿಕೊಂಡು ಗಂಡಿಪೇಟೆ ಕೆರೆಯವರೆಗೆ ಹೋಗಿ ಬರುತ್ತಿದ್ದ ಕಾರು, ಮಂಗಳವಾರ ಮತ್ತು ಶುಕ್ರವಾರ ಆಸ್ಪತ್ರೆಗೆ ಹೋಗುವ ಕಾರಾಯಿತು. ಸೀಟು ತೀರ ಕೆಳಗಿತ್ತು. ಮಾಮಾ ಅತ್ತೆಯ ಎರಡೂ ಕಂಕುಳಿಗೆ ಕೈ ಕೊಟ್ಟು ಕೂಡಿಸುತ್ತಿದ್ದರು, ಹಾಗೆಯೇ ಎತ್ತಿ ಇಳಿಸುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ನಾನು ಮತ್ತು ಅವ್ವ ಅವರ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗಿದ್ದೆವು. ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ನಾಚಾರಂನ ಒಂದು ಸಣ್ಣ ಬ್ಯಾಟರಿ ಕಾರ್ಖಾನೆಯಲ್ಲಿ ಪರೀಕ್ಷೆಯ ವಿಭಾಗದಲ್ಲಿದ್ದೆ. ವಿಭಾಗವೆಂದರೆ ನಾನೊಬ್ಬಳೇ. ತಯಾರಾದ ಬ್ಯಾಟರಿಗಳ ಆ್ಯಸಿಡ್ ಎಷ್ಟು ಗಟ್ಟಿಯಿದೆ ಎಂದು ನೋಡಬೇಕು, ಲೋಡ್ ಟೆಸ್ಟರ್ ಹಚ್ಚಿ ಒಮ್ಮೆಲೇ ಕರೆಂಟ್ ಎಳೆದರೆ ತಡೆಯುತ್ತದೆಯೋ ಇಲ್ಲವೋ ನೋಡಬೇಕು, ಆಮೇಲೆ ಗ್ಯಾರಂಟಿ ಚೀಟಿಯ ಮೇಲೆ ಸಹಿ ಹಾಕಬೇಕು. ನಾನು ಈ ಕೆಲಸಕ್ಕೆ ಸೇರಿದ್ದು ಮಾಮಾಗೆ ಬಹಳ ಹೆಮ್ಮೆ. ನಮ್ಮ ಮನ್ಯಾಗ ಇನ್ನೊಬ್ಬ ಇನ್ಸ್‌ಪೆಕ್ಟರ್ ಬಂದಾಳ ಎಂದು ತಮ್ಮ ಹಳೆಯ ಗೆಳೆಯರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಬೇಸಿಗೆಯ ಒಂದು ಶುಕ್ರವಾರ ಆಸ್ಪತ್ರೆಯಿಂದ ಮರಳುವಾಗ ಮೆಟ್ಟುಗುಡದ ಸಿಗ್ನಲಿನಲ್ಲಿ ಎಂಜಿನ್ ನಿಂತಿತು. ಮಾಮಾ ಸೆಲ್ಫ್ ಹೊಡೆದರೆ ಟಿಕ್ ಟಿಕ್ ಎಂದಿತೇ ಹೊರತು ತಿರುಗಲಿಲ್ಲ. ಹಿಂದೆ ಬಸ್ಸು ಲಾರಿಗಳ ಹಾರ್ನು. ಮಾಮಾ ಇಳಿದು ಒಬ್ಬರೇ ದಬ್ಬಲು ಹೋದರು, ಆಗಲಿಲ್ಲ. ಅರವತ್ತು ದಾಟಿದ ಗಂಡ ಬಿಸಿಲಲ್ಲಿ ಕಾರು ದಬ್ಬುವುದನ್ನು ಕೂತು ನೋಡಲಾರದೆ ಅತ್ತೆ, ಆಗಷ್ಟೇ ಸೂಜಿ ತೆಗೆದ ಕೈಯಲ್ಲೇ ಬಾಗಿಲು ತೆರೆದು ಕೆಳಗಿಳಿಯಲು ನೋಡಿದರು. ಕಾಲು ನಿಲ್ಲದೆ ರಸ್ತೆಯ ಮೇಲೆ ಕುಸಿದು ಕೂತರು. ಎದುರಿನ ಇರಾನಿ ಹೋಟೆಲಿನಿಂದ ನಾಲ್ಕು ಜನ ಓಡಿ ಬಂದು, ಅತ್ತೆಯನ್ನು ಎತ್ತಿ ಕೂಡಿಸಿ, ಕಾರನ್ನು ದಬ್ಬಿ ಚಾಲೂ ಮಾಡಿಕೊಟ್ಟರಂತೆ.

ಆ ಸಂಜೆ ಮಾಮಾ ನಮ್ಮ ಮನೆಗೆ ಬಂದರು. ಅವ್ವ ಕೊಟ್ಟ ಚಹಾ ಹಾಗೇ ಇತ್ತು. ನಡೆದದ್ದನ್ನೆಲ್ಲ ಹೇಳಿ, ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದು ನನ್ನ ಕೈಗಿಟ್ಟರು. ಹಳೆಯ ಬ್ಯಾಟರಿಯ ಉದ್ದ, ಅಗಲ, ಎತ್ತರ, ಪ್ಲಸ್ ಟರ್ಮಿನಲ್ ಯಾವ ಬದಿಗೆ ಬರಬೇಕು ಎಂಬುದು, ಎಲ್ಲವನ್ನೂ ಸಣ್ಣ ದುಂಡನೆಯ ಅಕ್ಷರದಲ್ಲಿ ಬರೆದಿದ್ದರು. ಆ ಕಾರಿನಲ್ಲಿ ಬ್ಯಾಟರಿ ಎಂಜಿನ್ನಿನ ಹತ್ತಿರ ಇರಲಿಲ್ಲ. ಅತ್ತೆ ಕೂಡುವ ಸೀಟಿನ ಹಿಂದೆ, ಮುಚ್ಚಳವಿದ್ದ ತಗಡಿನ ಗೂಡಿನಲ್ಲಿ ಇತ್ತು. ಎತ್ತರ ಒಂದು ಬೆರಳು ಹೆಚ್ಚಾದರೂ ಟರ್ಮಿನಲ್ ಮುಚ್ಚಳಕ್ಕೆ ತಾಗಿ ಕಿಡಿ ಹಾರಬಹುದು. ಬ್ಯಾಟರಿಯಿಂದೇಳುವ ಆ್ಯಸಿಡ್ ಆವಿ ಹೊರಗೆ ಹೋಗದಿದ್ದರೆ ನೇರ ಅತ್ತೆಯ ತಲೆಯ ಹತ್ತಿರವೇ ಬರುತ್ತದೆ.

"ನಿಮ್ಮ ಕಾರ್ಖಾನಿದ ಒಂದು ತಾ," ಎಂದರು. "ಅಂಗಡ್ಯಾಗಿಂದ ಬ್ಯಾಡ. ನೀನ ನಿಂತು ನೋಡಿ, ನೀನ ಸಹಿ ಹಾಕಿದ್ದು ಬೇಕು. ಇನ್ನೊಮ್ಮೆ ಆಕಿ ರಸ್ತಾದಾಗ ಇಳಿಯೋ ಹಂಗ ಆಗಬಾರದು."

ನಾನು ಹೂಂ ಎಂದೆ.

ನಾನು ಮನೆಯಲ್ಲಿ ಯಾರಿಗೂ ಹೇಳದ ವಿಷಯವೊಂದಿತ್ತು. ಹಿಂದಿನ ವರ್ಷದ ಮಧ್ಯದಿಂದ ನಮ್ಮ ಕಾರ್ಖಾನೆಯಲ್ಲಿ ಹಳೆಯ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸದ ಪ್ಲೇಟುಗಳಲ್ಲಿ ನೋಡಲು ಚೆನ್ನಾಗಿದ್ದವನ್ನು ತೊಳೆದು, ಹೊಸ ಡಬ್ಬಿಗಳಲ್ಲಿ ಹಾಕತೊಡಗಿದ್ದರು. ಹೊಸದರಲ್ಲಿ ಅಂಥ ಬ್ಯಾಟರಿಯನ್ನು ಹೇಗೆ ಪರೀಕ್ಷಿಸಿದರೂ ತೇರ್ಗಡೆಯಾಗುತ್ತದೆ. ಐದಾರು ತಿಂಗಳಿಗೆ ಪ್ಲೇಟಿನ ಮೇಲಿನ ಲೇಪ ಉದುರಿ ತಳದಲ್ಲಿ ಕೆಸರಾಗುತ್ತದೆ, ಒಂದು ದಿನ ಯಾವ ಸೂಚನೆಯನ್ನೂ ಕೊಡದೆ ಸತ್ತುಹೋಗುತ್ತದೆ. ಹಿಂದಿನ ಶೆಡ್ಡಿನಲ್ಲಿ ತಿರುಗಿ ಬಂದವುಗಳ ಸಾಲು ಉದ್ದವಾಗುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಮಾಲೀಕರಿಗೆ ಒಮ್ಮೆ ಹೇಳಿದ್ದೆ ಕೂಡ. ಅವರು ಕೆಟ್ಟವರಲ್ಲ. ಅಪ್ಪ ಸತ್ತಾಗ ಅರ್ಜಿ ಕೂಡ ಬರೆಸಿಕೊಳ್ಳದೆ ಕೆಲಸ ಕೊಟ್ಟವರು. ಪರೀಕ್ಷೆಯಲ್ಲಿ ಪಾಸಾಗುತ್ತಿದೆ ತಾನೆ, ನಿನ್ನ ಕೆಲಸ ಅಷ್ಟೇ ಅಲ್ಲವೇನಮ್ಮಾ ಎಂದು ತೆಲುಗಿನಲ್ಲಿ ಮೆಲ್ಲಗೆ ಕೇಳಿದ್ದರು. ಅದು ಸುಳ್ಳಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಸಹಿ ಹಾಕುತ್ತ ಹೋದೆ.

ಮರುದಿನ ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಚೀಟಿ ಹಿಡಿದು ಗೋದಾಮಿಗೆ ಹೋದೆ. ಆ ಅಳತೆಯವು ಸಾಲಾಗಿ ಇದ್ದವು. ಪ್ರತಿಯೊಂದರ ಮೇಲೂ ನನ್ನ ಸಹಿಯ ಚೀಟಿ. ಮೊದಲನೆಯದಕ್ಕೆ ಟೆಸ್ಟರ್ ಹಚ್ಚಿದೆ, ಮುಳ್ಳು ಕೆಳಗಿಳಿಯದೆ ನಿಂತಿತು, ಪಾಸು. ಎರಡನೆಯದೂ ಹಾಗೆಯೇ, ಮೂರನೆಯದೂ. ಯಾವುದರೊಳಗೆ ಹೊಸ ಪ್ಲೇಟಿದೆ, ಯಾವುದರಲ್ಲಿ ಹಳೆಯದಿದೆ ಎಂದು ಹೊರಗಿನಿಂದ ತಿಳಿಯುವ ಉಪಾಯವೇ ಇರಲಿಲ್ಲ. ಒಂದನ್ನು ಎತ್ತಿಕೊಂಡು ಬಾಗಿಲ ತನಕ ಬಂದೆ. ಅತ್ತೆ ರಸ್ತೆಯಲ್ಲಿ ಕುಸಿದು ಕೂತದ್ದು ಕಣ್ಣ ಮುಂದೆ ಬಂತು. ತಿರುಗಿ ಹೋಗಿ ಅದನ್ನು ಎತ್ತಿದ ಜಾಗದಲ್ಲೇ ಇಟ್ಟೆ. ಆವತ್ತು ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಹಾಗೇ ಮನೆಗೆ ವಾಪಸು ಬಂತು.

ಅದೇ ಶನಿವಾರ ಮಧ್ಯಾಹ್ನ ಅರ್ಧ ದಿನದ ರಜೆ ಹಾಕಿ ದಿಲ್‌ಸುಖ್‌ನಗರಕ್ಕೆ ಹೋದೆ. ಅಲ್ಲಿ ಬಸ್ ನಿಲ್ದಾಣದ ಹಿಂದೆ ಬ್ಯಾಟರಿ ಅಂಗಡಿ ನಡೆಸುತ್ತಿದ್ದ ಒಬ್ಬ ಹಿರಿಯರು ನಮ್ಮ ಕಾರ್ಖಾನೆಯ ಮಾಲನ್ನು ಇಡುವುದಿಲ್ಲ ಎಂದು ನಮ್ಮ ಸೇಲ್ಸ್‌ನವರು ಬೈಯುವುದನ್ನು ಕೇಳಿದ್ದೆ. ಅದೇ ಕಾರಣಕ್ಕೆ ಅಲ್ಲಿಗೆ ಹೋದದ್ದು. ಬೇರೆ ಕಂಪನಿಯ, ಅಳತೆಗೆ ಸರಿಹೊಂದುವ ಮೂರು ಬ್ಯಾಟರಿಗಳನ್ನು ಅವರು ಮುಂದಿಟ್ಟರು. ಮುಚ್ಚಳದ ಮೇಲೆ ಒತ್ತಿದ್ದ ತಯಾರಿಕೆಯ ತಿಂಗಳನ್ನು ಓದಿ, ಬಹಳ ದಿನ ಕಪಾಟಿನಲ್ಲಿ ಕೂತಿದ್ದ ಒಂದನ್ನು ಬಿಟ್ಟೆ. ಇನ್ನೊಂದರ ಪ್ಲಸ್ ತಪ್ಪು ಬದಿಗಿತ್ತು, ಕಾರಿನ ತಂತಿ ಅಲ್ಲಿಯವರೆಗೆ ಎಟಕುತ್ತಿರಲಿಲ್ಲ. ಉಳಿದ ಒಂದಕ್ಕೆ ನನ್ನೆದುರೇ ಆ್ಯಸಿಡ್ ತುಂಬಿಸಿ, ಅವಸರ ಮಾಡದೆ ನಿಧಾನ ಚಾರ್ಜ್ ಮಾಡಲು ಹೇಳಿದೆ. ಆವಿ ಹೊರಗೆ ಹೋಗಲು ಒಂದು ರಬ್ಬರ್ ನಳಿಕೆಯನ್ನೂ ಕೇಳಿದೆ. ನೀವು ಈ ಕೆಲಸದವರೇ ಇರಬೇಕು ಎಂದು ಆ ಹಿರಿಯರು ದಖನಿ ಉರ್ದುವಿನಲ್ಲಿ ಅಂದರು. ಅಲ್ಲ ಎಂದುಬಿಟ್ಟೆ.

ಭಾನುವಾರ ಬೆಳಿಗ್ಗೆ ಅದನ್ನು ಆಟೋದಲ್ಲಿಟ್ಟುಕೊಂಡು ಮಾಮಾನ ಮನೆಗೆ ಹೋದೆ. ನಮ್ಮ ಬ್ಯಾಟರಿ ಈ ಗೂಡಿನಲ್ಲಿ ಹಿಡಿಸುವುದಿಲ್ಲ, ಎತ್ತರ ಹೆಚ್ಚು, ಅದಕ್ಕೆ ಬೇರೆಯದು ತಂದೆ ಎಂದೆ. ಅತ್ತೆ ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತಿದ್ದರು. ಮಾಮಾ ಸೀಟು ಮುಂದೆ ಬಗ್ಗಿಸಿ, ಗೂಡಿನೊಳಗಿನ ಹಳೆಯ ಆ್ಯಸಿಡ್ ಕಲೆಯನ್ನು ಅಡುಗೆ ಸೋಡಾ ನೀರಿನಿಂದ ತೊಳೆದು, ಒರೆಸಿ, ಬ್ಯಾಟರಿ ಇಳಿಸಿದರು. ನಳಿಕೆಯನ್ನು ತಳದ ರಂಧ್ರದಿಂದ ಹೊರಗೆ ಬಿಟ್ಟರು. ಟರ್ಮಿನಲ್ ಬಿಗಿದು ವ್ಯಾಸಲೀನ್ ಸವರಿದರು. ಆಮೇಲೆ ಸ್ಟೀಲ್ ಅಳತೆಪಟ್ಟಿ ತೆಗೆದು ಬ್ಯಾಟರಿಯ ನೆತ್ತಿಗೂ ಮುಚ್ಚಳಕ್ಕೂ ಇದ್ದ ಅಂತರವನ್ನು ಅಳೆದರು.

"ನಿಮ್ಮದು ಎತ್ತರ ಎಷ್ಟು?" ಎಂದು ಕೇಳಿದರು.

ನನಗೆ ಆ ಸಂಖ್ಯೆ ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು. ಬೇರೆ ಸಂಖ್ಯೆ ಹೇಳಲು ಬಾಯಿ ತೆರೆದೆ, ಆಗಲಿಲ್ಲ. ನಿಜವಾದದ್ದನ್ನೇ ಹೇಳಿದೆ.

"ಹಂಗಾರ ಹಿಡಿಸ್ತೈತಿ."

"ಹೌದ್ರಿ ಮಾಮಾ. ಹಿಡಿಸ್ತೈತಿ."

ಅವರು ಪಟ್ಟಿಯನ್ನು ಬಟ್ಟೆಯಿಂದ ಒರೆಸಿದರು. ಮೆಟ್ಟಿಲ ಮೇಲಿಂದ ಅತ್ತೆ, ಆಕೀನ್ನ ಯಾಕ ಕೇಳ್ತೀರಿ, ಪಾಪ ಇಷ್ಟು ದೂರದಿಂದ ಹೊತ್ತು ತಂದಾಳ ಎಂದರು. ನಾನು ಕಾರಿನ ಬಾಗಿಲು ಹಿಡಿದುಕೊಂಡೇ ಪ್ಲೇಟಿನ ವಿಷಯವೆಲ್ಲ ಹೇಳಿದೆ. ತಿರುಗಿ ಬಂದವುಗಳ ಶೆಡ್ಡಿನ ವಿಷಯವನ್ನೂ, ಮಾಲೀಕರು ಹೇಳಿದ್ದನ್ನೂ ಹೇಳಿದೆ. ಮಾಮಾ ಬೈಯುತ್ತಾರೆ ಅಂದುಕೊಂಡಿದ್ದೆ. ಅವರ ದನಿ ಏರಲೇ ಇಲ್ಲ.

"ನಿಮ್ಮ ಅತ್ತಿ ಕೂಡೋ ಗಾಡಿಗೆ ಬ್ಯಾಡ ಅಂದಿ. ಛಲೋ ಮಾಡಿದಿ. ಮಂದಿ ಅತ್ತಿ ಕೂಡೋ ಗಾಡಿಗೆ ಅದು ಹೆಂಗ ನಡೀತೈತವಾ?"

ಮಾಮಾ ಕೀಲಿ ತಿರುಗಿಸಿದರು. ಎಂಜಿನ್ ಮೊದಲ ಸಲಕ್ಕೇ ಚಾಲೂ ಆಯಿತು. ಅತ್ತೆ ಅಲ್ಲಿಂದಲೇ ಕೈಯೆತ್ತಿ ನಮಸ್ಕಾರ ಮಾಡಿದರು, ದೇವರಿಗೋ ಕಾರಿಗೋ ಗೊತ್ತಾಗಲಿಲ್ಲ.

ಮರುದಿನವೇ ನಾನು ಕೆಲಸ ಬಿಟ್ಟೆ ಎಂದು ಬರೆಯಬಹುದಾಗಿದ್ದರೆ ಚೆನ್ನಾಗಿರುತ್ತಿತ್ತು. ಹಾಗೆ ಆಗಲಿಲ್ಲ. ಇನ್ನೂ ಎರಡು ತಿಂಗಳು ಸಹಿ ಹಾಕಿದೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ ಎಂಬುದು ಒಂದು ಕಾರಣ. ಮಾಲೀಕರ ಮುಖ ನೋಡಿ ಇಲ್ಲ ಅನ್ನಲು ಆಗದೇ ಹೋದದ್ದು ಅದಕ್ಕಿಂತ ದೊಡ್ಡ ಕಾರಣ. ಆ ದಿನಗಳಲ್ಲಿ ಮಾಮಾನ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಸಿಟ್ಟು ಮಾಡಿಕೊಳ್ಳಲಾದರೂ ಆಗುತ್ತಿತ್ತು.

ಕೊನೆಗೆ ಒಂದು ದಿನ, ಅಂಬ್ಯುಲೆನ್ಸ್‌ಗಳಿಗೆಂದು ಮೂವತ್ತು ಬ್ಯಾಟರಿಗಳ ಆರ್ಡರ್ ಬಂತು. ಚೀಟಿಗಳ ಕಟ್ಟು ಮುಂದಿಟ್ಟುಕೊಂಡು ಕೂತೆ, ಪೆನ್ನು ನಡೆಯಲಿಲ್ಲ. ಮಾಲೀಕರ ಕೋಣೆಗೆ ಹೋಗಿ, ಹೊಸ ಪ್ಲೇಟು ಹಾಕಿದ್ದಕ್ಕೆ ಮಾತ್ರ ಸಹಿ ಹಾಕುತ್ತೇನೆ ಎಂದೆ. ಅವರು ಸರಿ ಎಂದರು. ಅದೇ ಮಧ್ಯಾಹ್ನ ಚೀಟಿಗಳ ಕಟ್ಟು ಪ್ಯಾಕಿಂಗ್ ನೋಡಿಕೊಳ್ಳುವವನ ಮೇಜಿಗೆ ಹೋಯಿತು. ಅವನು ಟೆಸ್ಟರ್ ಮುಟ್ಟಿ ಕೂಡ ನೋಡಿರಲಿಲ್ಲ. ನಾನು ತಿಂಗಳು ಮುಗಿಯುವವರೆಗೆ ಇದ್ದು ಬಿಟ್ಟೆ. ಅವ್ವ ಎಂಟು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ತಾರ್ನಾಕದಲ್ಲೇ ಒಂದು ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿದೆ.

ಅತ್ತೆ ಇನ್ನೂ ಒಂದೂವರೆ ವರ್ಷ ಬದುಕಿದರು. ಕಾರು ಒಮ್ಮೆಯೂ ದಾರಿಯಲ್ಲಿ ನಿಲ್ಲಲಿಲ್ಲ. ಕೊನೆಯ ಶುಕ್ರವಾರ ಆಸ್ಪತ್ರೆಯಲ್ಲೇ ಉಸಿರು ನಿಂತಿತು. ಮಾಮಾ ಕಾರನ್ನು ಅಲ್ಲೇ ಬಿಟ್ಟು ಅತ್ತೆಯ ಜೊತೆ ಆಸ್ಪತ್ರೆಯ ವ್ಯಾನಿನಲ್ಲಿ ಬಂದರು. ಎರಡು ದಿನ ಬಿಟ್ಟು ಅದನ್ನು ತರಲು ನಾನೂ ಅವರ ಜೊತೆ ಹೋದೆ.

ಬರುವಾಗ ನಾನು ಅತ್ತೆಯ ಸೀಟಿನಲ್ಲಿ ಕೂತಿದ್ದೆ. ಬ್ಯಾಟರಿ ಕೂಡಿಸಿದ ದಿನ ಅವರು ಕೇಳಿದ ಪ್ರಶ್ನೆ ನನ್ನನ್ನು ಎರಡು ತಿಂಗಳು ಕಾಡಿತ್ತು ಎಂದು ಅವತ್ತು ಮೊದಲ ಸಲ ಹೇಳಿದೆ. ನನ್ನ ಬಗ್ಗೆ ಕೆಟ್ಟದಾಗಿ ಅಂದುಕೊಂಡಿದ್ದಿರೇನು ಎಂದು ಕೇಳಿದೆ.

"ನಿನ್ನ ಬಗ್ಗೆ ಏನು ಅನ್ಕೊಳ್ಳಲಿ," ಎಂದರು ಮಾಮಾ. "ನಾನೂ ಒಮ್ಮೆ ಹಾಕೀನಿ, ಅಂಥಾ ಸಹಿ."

ತಮ್ಮ ನೌಕರಿಯ ಮೊದಲ ವರ್ಷಗಳಲ್ಲಿ, ಮೇಲಿನವರ ಅವಸರಕ್ಕೆ, ಕೂದಲೆಳೆಯಷ್ಟು ಅಳತೆ ತಪ್ಪಿದ್ದ ಒಂದು ಅಚ್ಚನ್ನು ಸರಿಯಿದೆ ಎಂದು ಬರೆದುಕೊಟ್ಟಿದ್ದರಂತೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ, ಯಾರೂ ಕೇಳಲೂ ಇಲ್ಲ. ಆ ಅಚ್ಚಿನ ನಂಬರು ಮಾತ್ರ ಇಂದಿಗೂ ನೆನಪಿದೆ ಎಂದು, ರಸ್ತೆಯಿಂದ ಕಣ್ಣು ತೆಗೆಯದೆ ಅದನ್ನು ಹೇಳಿದರು. ಐದು ಅಂಕಿ. ನಾನು ಕೇಳಿಕೊಂಡೆ. ನಾನು ಸಹಿ ಹಾಕಿದ್ದು ಎಷ್ಟಕ್ಕೆ, ಅವು ಯಾವ ಯಾವ ರಸ್ತೆಯಲ್ಲಿ ಯಾರನ್ನು ನಿಲ್ಲಿಸಿದವು ಎಂದು ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.