ಮೂರನೆಯ ಸಲದ ಮೌನ

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಆ ಮನುಷ್ಯ ಇಪ್ಪತ್ತು ವರ್ಷದಿಂದ ಭಾನುವಾರದ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿ. ಆಟಗಾರರು ಅವನನ್ನು ಕರೆಯುತ್ತಿದ್ದುದು ‘ಸಮಾಧಾನ ಸರ್’ ಎಂದು. ಮೈಗೆ ಮೈ ತಾಗಿದಾಗಲೆಲ್ಲ ಸೀಟಿ ಊದುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಕಾರ್ಖಾನೆ ತಂಡಗಳ ಫೈನಲ್‌ನ ಅರ್ಧ ವಿರಾಮದಲ್ಲಿ ಲೈನ್ಸ್‌ಮನ್ ಹತ್ತಿರ ಬಂದ. ರೆಫರಿಯ ಹೆಂಡತಿಯ ತಮ್ಮ, ಮಾತು ಕಡಿಮೆ.

“ಭಾವ, ಆ ಐದನೇ ನಂಬರಿನವನು ಚೆಂಡು ನೋಡ್ತಿಲ್ಲ. ಏಳನೇ ನಂಬರಿನವನ ಕಾಲು ನೋಡ್ತಿದ್ದಾನೆ.”

“ಎರಡು ಸಲ ಒದ್ದಿದ್ದು ಕಂಡೆ ಕಣೋ. ಎರಡು ಸಲವೂ ಚೆಂಡು ಏಳನೆಯವನ ಕಡೆಯವರಿಗೇ ಸಿಕ್ತು. ಆಟ ನಿಲ್ಲಿಸಿದ್ರೆ ಅವರಿಗೇ ನಷ್ಟ.”

“ಆಮೇಲಾದ್ರೂ ಕರೆದು ಒಂದು ಮಾತು ಹೇಳಬಹುದಿತ್ತು.”

ರೆಫರಿ ಗಡಿಯಾರ ನೋಡಿಕೊಂಡು ಮೈದಾನಕ್ಕಿಳಿದ. ಎಚ್ಚರಿಕೆಯ ಹಳದಿ ಕಾರ್ಡು ಜೇಬಿನಲ್ಲೇ ಇತ್ತು.

ಆಟ ಮತ್ತೆ ಶುರುವಾದಾಗ ಬಿಸಿಲು ಮಂಕಾಗಿತ್ತು. ಮೂರನೆಯ ಸಲ ಹಿಮ್ಮಡಿಗೆ ಒದೆ ಬಿತ್ತು. ಏಳನೆಯವನು ಮುಗ್ಗರಿಸಿ, ಸಾವರಿಸಿಕೊಂಡು ಓಡಿದ. ರೆಫರಿ ಎರಡೂ ಕೈ ಮುಂದೆ ಚಾಚಿ ಆಟ ಮುಂದುವರಿಸಿ ಎಂದ. ದಾಟಿ ಹೋಗುವಾಗ ಏಳನೆಯವನು ಅವನ ಮುಖವನ್ನೇ ನೋಡಿದ. ಅಷ್ಟು ಹೊತ್ತು ಕೂಗುತ್ತಿದ್ದ ಜನ ಯಾಕೋ ತಣ್ಣಗಾದರು.

ಆರು ನಿಮಿಷದ ನಂತರ ಏಳನೆಯವನ ಕಾಲಿನ ಮೂಳೆ ಮುರಿದ ಸದ್ದು ಮೈದಾನದ ಆಚೆ ತುದಿಗೂ ಕೇಳಿಸಿತು.

ಕೆಂಪು ಕಾರ್ಡು ತೋರಿಸಿದಾಗ ಐದನೆಯವನು ಬಿಳಿಚಿಕೊಂಡು ನಿಂತಿದ್ದ. “ಮೂರು ಸಲ ನೀವು ಏನೂ ಅನ್ನಲಿಲ್ಲವಲ್ಲ ಸರ್... ಇಷ್ಟು ನಡೆಯುತ್ತೆ ಅಂದ್ಕೊಂಡೆ.”

ಮರುದಿನ ರೆಫರಿ ಆಸ್ಪತ್ರೆಗೆ ಹೋದ. ಏಳನೆಯವನ ಕಾಲಿಗೆ ಸರಳು ಹಾಕಿದ್ದರು. ಇನ್ನು ಆಟವಿಲ್ಲವೆಂದು ವೈದ್ಯರು ಆಗಲೇ ಹೇಳಿಯಾಗಿತ್ತು.

“ಮೊದಲನೇ ಸಲದ್ದು ನಿಮಗೆ ಕಂಡಿತ್ತಾ?” ಎಂದ ಗಾಯಾಳು.

“ಕಂಡಿತ್ತು.”

ಅವನು ಗೋಡೆ ಕಡೆ ತಿರುಗಿಕೊಂಡ.

ವರದಿಯಲ್ಲಿ ರೆಫರಿ ತನ್ನ ತಪ್ಪನ್ನೂ ಬರೆದ. ಫುಟ್‌ಬಾಲ್ ಸಂಘದ ಕಾರ್ಯದರ್ಶಿ ಆ ಸಾಲು ಹೊಡೆದುಹಾಕಿ, “ಇದೆಲ್ಲ ಯಾಕೆ ಮಾರಾಯ್ರೇ?” ಎಂದು ಮುಂದಿನ ಪಂದ್ಯ ಕೊಟ್ಟರು. ಅಲ್ಲಿ ಭುಜ ತಾಗಿದರೂ ಸೀಟಿ, ಅಂಗಿ ಅಲುಗಿದರೂ ಸೀಟಿ. ಎರಡೂ ತಂಡಗಳು ರೇಗಿದವು. ಯಾರೋ ಯಾರದೋ ಕತ್ತಿನಪಟ್ಟಿ ಹಿಡಿದರು.

“ನೀವು ತಪ್ಪು ನೋಡ್ತಿಲ್ಲ ಭಾವ,” ಎಂದ ಬಾಮೈದ ಅರ್ಧ ವಿರಾಮದಲ್ಲಿ, ಮೆಲ್ಲಗೆ. “ಹೆದರ್ತಿದ್ದೀರಿ.”

ನಿಜವೆಂದು ಅವನಿಗೂ ಗೊತ್ತಿತ್ತು. ಉಳಿದ ಅರ್ಧವನ್ನು ಬಾಮೈದನಿಗೆ ಒಪ್ಪಿಸಿ ಗೆರೆಯಾಚೆ ಬಂದ. ಮತ್ತೆಂದೂ ಒಳಗೆ ಕಾಲಿಡಲಿಲ್ಲ.