ನಾಲ್ಕೂವರೆಗೆ ನೇತಾಡಿದ ಇಂಜಿನ್

ಹೋದ ಭಾನುವಾರ ಸಂಜೆ ನಾಲ್ಕೂವರೆಗೆ, ಬಳ್ಳಾರಿಯ ನಮ್ಮ ಮನೆಯ ಶೆಡ್ಡಿನಲ್ಲಿ ಒಂದು ಇಂಜಿನ್ ಸರಪಳಿಯಿಂದ ನೇತಾಡುತ್ತಿತ್ತು. ಅದರ ಕೆಳಗೆ ನನ್ನ ಗೆಳೆಯ ಮಲಗಿದ್ದ. ಸರಪಳಿ ನನ್ನ ಕೈಯಲ್ಲಿತ್ತು.

ಇದನ್ನು ಬರೆಯುವಾಗಲೂ ಅಂಗೈ ಬೆವರುತ್ತಿದೆ, ನಂಬಿ.

"ನಿಮ್ಮ ಕಾರು ಎಲ್ಲಿಗ್ ಬಂತ್ರೀ?" ಎಂದು ನೀವು ಸಿಕ್ಕಲ್ಲೆಲ್ಲ ಕೇಳುತ್ತೀರಿ. ಎಲ್ಲಿಗೂ ಬಂದಿಲ್ಲ. ಆರು ತಿಂಗಳಿಂದ ನಾಲ್ಕು ಸೈಜುಗಲ್ಲುಗಳ ಮೇಲೆ ನಿಂತಿದೆ. (ಹೊಸ ಓದುಗರಿಗಾಗಿ: ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುವಂಥ ಹಳೇ ಸ್ಪೋರ್ಟ್ಸ್ ಕಾರು. ಸಿರುಗುಪ್ಪದ ಒಂದು ರೈಸ್ ಮಿಲ್ಲಿನ ಗೋಡೌನಿನಲ್ಲಿ ಖಾಲಿ ಚೀಲಗಳ ಹಿಂದೆ ಧೂಳು ತಿನ್ನುತ್ತಿತ್ತು. ನೋಡಿದೆ, ಮನಸ್ಸು ಕೆಟ್ಟಿತು, ತಂದುಬಿಟ್ಟೆ.) ಅದರ ಸ್ವಂತ ಇಂಜಿನ್ ಸತ್ತು ಎಷ್ಟೋ ವರ್ಷ. ಬೇರೆ ಇಂಜಿನ್ ಕುರುಗೋಡಿನಲ್ಲಿ ಸಿಕ್ಕಿತು. ಯಾರೋ ಮರಕ್ಕೆ ಗುದ್ದಿ ಮೂಲೆಗೆ ನಿಲ್ಲಿಸಿದ್ದ ಕಾರಿನದು. ಎರಡು ಗ್ಯಾರೇಜಿನವರು ಆಗುವುದಿಲ್ಲ ಎಂದು ತಲೆಯಾಡಿಸಿದರು. ಮನೆಯಲ್ಲೇ ಮಾಡೋಣ ಎಂದವನು ಮಾಬು.

ಮಾಬು ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಈಗ ಸಿರುಗುಪ್ಪದಲ್ಲಿ ಭತ್ತ ಕೊಯ್ಯುವ ಮಷೀನುಗಳನ್ನು ರಿಪೇರಿ ಮಾಡುತ್ತಾನೆ. ಸುಗ್ಗಿಯಲ್ಲಿ ಮಷೀನು ಗದ್ದೆಯ ನಡುವೆ ಕೈಕೊಟ್ಟರೆ ರಾರಾವಿಯಿಂದ ಮೋಕದವರೆಗೆ ಎಲ್ಲರೂ ಅವನಿಗೇ ಫೋನ್ ಮಾಡುತ್ತಾರೆ. ನಟ್ಟು ಬೋಲ್ಟು ಕಣ್ಣಿಗೆ ಕಾಣದ ಜಾಗದಲ್ಲೂ ಅವನ ಬಲಗೈಗೆ ಕಾಣುತ್ತದೆ. ಆ ಕೈಯಿಂದಲೇ ಅವನ ಮನೆ ನಡೆಯುವುದು.

ಇಂಜಿನ್ ಎತ್ತಲು ಅದೇ ಮಿಲ್ಲಿನಿಂದ, ಸರಪಳಿ ಎಳೆದು ಭಾರ ಎತ್ತಿ ಇಳಿಸುವ ಚೈನ್ ಪುಲ್ಲಿ ತಂದಿದ್ದ. ಶೆಡ್ಡಿನ ಕಬ್ಬಿಣದ ತೊಲೆಗೆ ಅದನ್ನು ಕಟ್ಟುವಾಗಲೇ ಎಚ್ಚರಿಸಿದ.

"ಲೇ ಶ್ರೀಧರ, ಇದರ ಹಲ್ಲು ಸವದೈತಿ. ನಿಧಾನಕ್ಕ ಇಳಿಸಿಕೋಂತ ಹೋಗು, ಏನೂ ಆಗಂಗಿಲ್ಲ. ನಡುವ ಮಾತ್ರ ನಿಂದರಸಬ್ಯಾಡ, ಜಾರತೈತಿ."

ಎಷ್ಟು ಸರಳವಾದ ಮಾತು! ಒಬ್ಬ ಪದವೀಧರ, ಅಂಕಣಕಾರ, ಇಷ್ಟನ್ನು ಪಾಲಿಸಲಾರನೇ?

ಇಂಜಿನ್ ಇಳಿಯತೊಡಗಿತು. ಮಾಬು ಕಾರಿನ ಕೆಳಗೆ ಅಂಗಾತ ಮಲಗಿ, ಬಲಗೈಯನ್ನು ಮೊಣಕೈವರೆಗೆ ಮೇಲಕ್ಕೆ ತೂರಿಸಿದ್ದ. ಇಂಜಿನ್ನು ಗೇರ್ ಬಾಕ್ಸಿಗೆ ಸರಿಯಾಗಿ ಕೂಡುವಂತೆ ತಿರುಗಿಸುವುದು ಆ ಕೈಯ ಕೆಲಸ. ಬಿಟ್ಟರೆ ಇಂಜಿನ್ ವಾಲುತ್ತದೆ. ಇನ್ನೊಂದು ಗೇಣು ಇಳಿಯಬೇಕಿತ್ತು, ಅಷ್ಟೇ.

ಆಗ ಅಡುಗೆಮನೆಯ ಬಾಗಿಲಿನಿಂದ ಅಮ್ಮನ ದನಿ ಬಂತು.

"ಶ್ರೀಧರಾ, ರಾಹುಕಾಲ ಬಂತು. ಈಗ ಇಂಜಿನ್ ಕೂಡಸಬ್ಯಾಡ. ಆರು ಹೊಡೀಲಿ."

ರಾಹುಕಾಲವನ್ನು ಇದೇ ಅಂಕಣದಲ್ಲಿ ನಾಲ್ಕು ಸಲ ಗೇಲಿ ಮಾಡಿದ್ದೇನೆ. ಓದಿ ಚಪ್ಪಾಳೆ ತಟ್ಟಿದ್ದೀರಿ. ಆ ಲೇಖನಗಳನ್ನೆಲ್ಲ ಬರೆದ ಕೈ ಏನು ಮಾಡಿತು ಗೊತ್ತೇ? ನಿಂತಿತು. ಐವತ್ತೆರಡು ವರ್ಷದ ಮೀಸೆ ಹೊತ್ತ ಗಂಡಸು, ಅಮ್ಮ ಬೇಡ ಅಂದ ಕೂಡಲೇ ಸರಪಳಿ ಹಿಡಿದು ಕಂಬದಂತೆ ನಿಂತೆ. ಅಮ್ಮ ಒಳಗೆ ಹೋಗಲಿ, ಮೆಲ್ಲಗೆ ಇಳಿಸಿದರಾಯಿತು ಅಂತ ನನ್ನ ಲೆಕ್ಕಾಚಾರ. ಅಮ್ಮ ಒಳಗೆ ಹೋಗಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಾಗಿಲಲ್ಲೇ ಕೂತರು. (ಮಗನ ಗುಣ ಅವರಿಗೆ ಗೊತ್ತು.)

"ಯಾಕ ನಿಂದರಿಸಿದಿಲೇ?" ಕೆಳಗಿನಿಂದ ಮಾಬು ಗೊಣಗಿದ.

"ಒಂದ್ ನಿಮಿಷ ತಡಿಯೋ" ಎಂದೆ, ಅಮ್ಮನಿಗೆ ಕೇಳದಷ್ಟು ಸಣ್ಣಗೆ.

ಪುಲ್ಲಿಯೊಳಗೆ ಕಟಕ್ ಎಂದಿತು.

ಸರಪಳಿ ನನ್ನ ಮುಷ್ಟಿಯೊಳಗೆ ಒಂದು ಕೊಂಡಿಯಷ್ಟು ಜಾರಿತು. ಇಳಿಸಿದರೆ ಅಮ್ಮ ನೊಂದುಕೊಳ್ಳುತ್ತಾರೆ, ನಿಲ್ಲಿಸಿದರೆ ಇದು ಜಾರುತ್ತದೆ. ಎರಡನ್ನೂ ತೂಗುತ್ತ ನಿಂತೆ. ತೂಗುವಂಥದ್ದೇನಿತ್ತು ಅದರಲ್ಲಿ? ಭಯ ಬಿದ್ದ ಬುದ್ಧಿಗೆ ಅದೂ ಹೊಳೆಯಲಿಲ್ಲ.

ಮತ್ತೆ ಕಟಕ್. ಈ ಸಲ ಮೂರು ಬೆರಳಿನಷ್ಟು.

"ಮ್ಯಾಲೆ ಎಳೀಲೇ! ಅಂಗಿ ತೋಳು ಸಿಕ್ಕೈತಿ!"

ಆ ಕೂಗನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ನಾಲ್ಕು ದಶಕದ ಗೆಳೆತನದಲ್ಲಿ ಮಾಬು ಹೆದರಿದ್ದನ್ನು ನಾನು ಕೇಳಿರಲಿಲ್ಲ. ಎಣ್ಣೆ ಹತ್ತಿದ ಸರಪಳಿ ಜಾರುತ್ತಿತ್ತು, ಎಳೆದರೂ ಇಂಜಿನ್ ಏಳುತ್ತಿರಲಿಲ್ಲ. ಅಷ್ಟರಲ್ಲಿ ಬಳೆ ತೊಟ್ಟ ಎರಡು ಕೈ ನನ್ನ ಕೈಗಳ ಮೇಲೆ ಬಂದವು. ಎಪ್ಪತ್ತೆಂಟು ವರ್ಷದ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಳೆಯುತ್ತಿದ್ದರು. "ಎಳಿಯೋ ಮೂರ್ಖಾ!" ಎಂದು ಬೈಯುತ್ತಲೇ ಎಳೆದರು. ಇಂಜಿನ್ ಎರಡು ಬೆರಳು ಮೇಲೆದ್ದಿತು. ಬಟ್ಟೆ ಹರಿದ ಸದ್ದಾಯಿತು. ಮಾಬು ಕಾರಿನ ಕೆಳಗಿನಿಂದ ಉರುಳಿಕೊಂಡು ಹೊರಬಿದ್ದ.

ಮರುಕ್ಷಣವೇ ಪುಲ್ಲಿ ಪೂರ್ತಿ ಕೈಕೊಟ್ಟಿತು. ಧಡ್!

ಮಾಬು ಗೋಡೆಗೆ ಒರಗಿ ಕೂತು ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಂಡ. ಐದೂ ಇದ್ದವು. ಮುಂಗೈಯ ಚರ್ಮ ಸುಲಿದಿತ್ತು, ಅಂಗಿಯ ತೋಳಿನ ಪಟ್ಟಿ ಇರಲಿಲ್ಲ. ಆ ನೀಲಿ ಚೂರು ಈಗಲೂ ಇಂಜಿನ್ ಅಡಿಯಿಂದ ಇಣುಕುತ್ತಿದೆ, ಬಂದರೆ ತೋರಿಸುತ್ತೇನೆ.

ಇಂಜಿನ್ ಮಾತ್ರ ತನ್ನ ಜಾಗದಲ್ಲಿ ಸರಿಯಾಗಿ ಕೂತಿತ್ತು. (ರಾಹುಕಾಲದಲ್ಲೇ.)

ಅಮ್ಮ ಅರಿಸಿನ ತಂದು ಅವನ ಕೈಗೆ ಹಚ್ಚಿದರು. ನನ್ನ ಕಡೆ ತಿರುಗಿ ಕೇಳಿದರು: "ಕೆಳಗ ಮಾಬು ಅದಾನ ಅಂತ ಒಂದು ಮಾತು ಹೇಳಬಾರದಾ? ನಾನೇ ಇಳಸು ಅಂತಿದ್ದೆ."

ಹೌದು, ಹೇಳಬಹುದಿತ್ತು. ಮೂರೇ ಶಬ್ದ. ವಾರಕ್ಕೆ ನೂರಾರು ಶಬ್ದ ಬರೆಯುವವನ ಬಾಯಿಂದ ಅಷ್ಟು ಹೊರಡಲಿಲ್ಲ. ಅಮ್ಮನಿಗೆ ಎದುರಾಡಬಾರದು ಎಂಬುದನ್ನು ಗೌರವ ಎಂದುಕೊಂಡಿದ್ದೆ. ಅದು ಬರೀ ಪುಕ್ಕಲುತನ. ನಿಮ್ಮ ಮನೆಯಲ್ಲೂ, ಆಫೀಸಿನಲ್ಲೂ ಇದು ಇಲ್ಲವೇ? ಹಿರಿಯರು ನೊಂದಾರು, ಸಾಹೇಬರು ಮುನಿದಾರು ಎಂದು ನಾವು ಸುಮ್ಮನಾಗುತ್ತೇವೆ. ಪೆಟ್ಟು ಬೀಳುವುದು ಇನ್ನಾರಿಗೋ.

ಅಂದಿನಿಂದ ನನಗೆ ನಿದ್ದೆ ಸರಿಯಿಲ್ಲ. ಚಿಲಕ ಕಟಕ್ ಎಂದರೂ ಬೆಚ್ಚುತ್ತೇನೆ.

ಚಹಾ ಕುಡಿದು ಹೊರಟ ಮಾಬುವನ್ನು ಗೇಟಿನವರೆಗೆ ಕಳಿಸಲು ಹೋದೆ. "ಮುಂದಿನ ಭಾನುವಾರ ಬರ್ತಿಯಿಲ್ಲೋ?" ಎಂದು ಅಂಜುತ್ತಲೇ ಕೇಳಿದೆ. ಅವನು ಬೈಕಿಗೆ ಕಿಕ್ ಹೊಡೆದ. ಅಂಗಿಯ ಹರಿದ ತೋಳನ್ನು ಮೇಲಕ್ಕೆ ಮಡಚಿದ.

"ಬರ್ತೀನಿ, ಕೆಲಸ ಅರ್ಧಕ್ಕ ಬಿಡಂಗಿಲ್ಲ. ಆದ್ರ ಒಂದು ಹೇಳು. ಅಮ್ಮಾರು ಗಡಿಯಾರ ನೋಡಿದ್ರು, ನೀ ಅಮ್ಮಾರ ಮಾರಿ ನೋಡಿದಿ. ನನ್ನ ಯಾರು ನೋಡಿದ್ರಿಲೇ?"