ಗಿರಣಿ ಮುಂದಿನ ಕಟ್ಟೆ

ಹೊಸದುರ್ಗದ ನಮ್ಮ ಬೀದಿಯಲ್ಲಿ ನನ್ನನ್ನು ಜಗಳಗಂಟಿ ಅನ್ನುತ್ತಾರೆ. ಹಿಟ್ಟಿನ ಗಿರಣಿ ನಡೆಸುವವಳು ಮೆಲ್ಲಗೆ ಮಾತಾಡಿದರೆ ಕೇಳುವವರಾರು? ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಜಗಳಕ್ಕೆ ಬಂದ ಹಾಗೆ ಕೇಳಿಸುತ್ತದಂತೆ. ಆದರೆ ಪಕ್ಕದ ಬೇಕರಿಯವನ ಮೇಲೆ ಕೂಗಾಡಿದ್ದು ರೂಢಿಯಿಂದಲ್ಲ, ನಿಜವಾದ ಸಿಟ್ಟಿನಿಂದ. ಅದು ತಪ್ಪು ಅಂಗಡಿಯ ಮೇಲೆ ತೋರಿಸಿದ ಸಿಟ್ಟು ಅಂತ ಗೊತ್ತಾಗಲು ಒಂದು ತಿಂಗಳು ಬೇಕಾಯಿತು.

ನಮ್ಮತ್ತೆ ಮತ್ತೋಡು ಕಡೆಯ ಹಳ್ಳಿಯವರು. ಕುರಿ ಕಾಯುವ ಮನೆತನ. ಮಾವ ಬದುಕಿದ್ದಾಗ ಗಿರಣಿ ಅವರದು, ಕುರಿ ಇವರದು. ಅವರು ಬೆಳಿಗ್ಗೆ ಬಸ್ಸಿಗೆ ಪೇಟೆಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಇವರು ಬೇಸಿಗೆ ಬಂತೆಂದರೆ ಮಂದೆ ಹೊಡೆದುಕೊಂಡು ಮಾರಿಕಣಿವೆಯ ಹಿನ್ನೀರಿನ ತನಕ ನಡೆದು, ಮಳೆ ಬಿದ್ದ ಮೇಲೆ ನಡೆದೇ ವಾಪಸಾಗುತ್ತಿದ್ದರು. ಮಂಡಿ ನೋವು ಹೆಚ್ಚಾದಾಗ ಕುರಿಗಳನ್ನು ನನ್ನ ಮೈದುನನಿಗೆ ಒಪ್ಪಿಸಿ ನಮ್ಮ ಮನೆಗೆ ಬಂದರು. ಬಂದ ದಿನವೇ ಒಂದು ಷರತ್ತು ಹಾಕಿದರು. "ಕೂಸನ್ನ ಸ್ಕೂಲಿಗೆ ನಾನೇ ಕರ್ಕಂಡ್ ಹೋಗಿ ಕರ್ಕಂಡ್ ಬರ್ತೀನಿ. ಸುಮ್ನೆ ಕುಂತು ಉಣ್ಣಾಕೆ ನನ್ ಕೈಲಿ ಆಗಾಕಿಲ್ಲ."

ಕೂಸು ಅಂದರೆ ನನ್ನ ಮಗಳು, ಒಂದನೇ ಕ್ಲಾಸು. ಗಿರಣಿಯ ಹಿಂದೆಯೇ ನಮ್ಮ ಮನೆ, ಅಲ್ಲಿಂದ ಶಾಲೆ ಕೂಗಳತೆ ದೂರ. ನನ್ನ ಕೂಗಲ್ಲ, ಸಾಮಾನ್ಯರ ಕೂಗು. ಆದರೂ ನಾನು ಅವಳನ್ನು ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದೆ. ರಸ್ತೆಯ ಪಕ್ಕ ನಡೆಯಲು ಜಾಗವೇನೋ ಇದೆ, ಚರಂಡಿಯ ಮೇಲೆ ಉದ್ದಕ್ಕೂ ಚಪ್ಪಡಿ ಹಾಸಿದ್ದಾರೆ. ಆದರೆ ಒಬ್ಬೊಬ್ಬ ಅಂಗಡಿಯವನೂ ತನ್ನ ಹೊಸ್ತಿಲಿಗೆ ಸರಿಯಾಗಿ ತನ್ನ ಮುಂದಿನ ಚಪ್ಪಡಿಯನ್ನು ಎತ್ತರಿಸಿಕೊಂಡಿದ್ದಾನೆ. ಹತ್ತು, ಇಳಿ, ಮತ್ತೆ ಹತ್ತು. ಬೇಕರಿಗೆ ಮೂರು ಮೆಟ್ಟಿಲು, ಹಾರ್ಡ್‌ವೇರ್ ಅಂಗಡಿಯ ಪೈಪುಗಳು ಅಡ್ಡ. ಸಾಕಾಗಿ ರಸ್ತೆಗಿಳಿದರೆ ಲಾರಿ, ಬೈಕು, ಆಟೋ.

ಬಂದ ಎರಡನೇ ವಾರ ಅತ್ತೆ "ದಾರಿ ನೋಡ್ಕಂಡ್ ಬರ್ತೀನಿ" ಅಂತ ಒಬ್ಬರೇ ಹೊರಟರು. ನಾನು ಒಳಗೆ ರಾಗಿ ಬೀಸುತ್ತಿದ್ದೆ. ಯಾರೋ ಬಂದು ಕೈಸನ್ನೆ ಮಾಡಿದಾಗ ಯಂತ್ರ ನಿಲ್ಲಿಸಿ ಓಡಿದೆ. ಅತ್ತೆಯನ್ನು ಬೇಕರಿಯ ಕುರ್ಚಿಯಲ್ಲಿ ಕೂರಿಸಿ ನೀರು ಕುಡಿಸುತ್ತಿದ್ದರು. ಪಾದ ಆಗಲೇ ಊದಿತ್ತು. ಇನ್ನೇನು ಕೇಳುವುದು! ಬೇಕರಿಯವನ ಮೇಲೆ ಮುಗಿಬಿದ್ದೆ.

"ನಿನ್ ಮೆಟ್ಲಿಗೆ ಬೆಂಕಿ ಬೀಳ! ಯಾರಾದ್ರೂ ಸತ್ರೇನೇ ನಿಂಗೆ ಸಮಾಧಾನ ಏನಪ್ಪ?"

"ಅಕ್ಕ, ಒಂಚೂರು ಕೇಳ್ರಿ ಇಲ್ಲಿ..." ಅಂದ ಅವನು.

ನಾನು ಕೇಳಲಿಲ್ಲ. ಅತ್ತೆ ನನ್ನ ಸೆರಗು ಜಗ್ಗಿ ಮನೆ ಕಡೆ ಕೈ ತೋರಿಸಿದರು. ಬರೀ ಉಳುಕಾಗಿತ್ತು, ಪುಣ್ಯ. ಬಾವು ಇಳಿದ ಮೇಲೆ ದಿನಾ ನಡೆಯಬೇಕು, ಇಲ್ಲದಿದ್ದರೆ ಕಾಲು ಹಿಡಿದುಕೊಳ್ಳುತ್ತದೆ ಅಂದರು ಡಾಕ್ಟರು.

ಬಾವು ಇಳಿಯಿತು, ಅತ್ತೆ ಏಳಲಿಲ್ಲ. ಅಂಗಳದಲ್ಲಿ ನಾಲ್ಕು ಸುತ್ತು ಹಾಕ್ರಿ ಅಂದರೆ "ನಾನೇನ್ ಗಾಣದ ಎತ್ತಾ? ಎಲ್ಲಿಗಾದ್ರೂ ಹೋಗಾದಿದ್ರೆ ನಡೀತೀನಿ" ಅನ್ನುತ್ತಿದ್ದರು. ಎರಡು ಮುದ್ದೆ ಉಣ್ಣುತ್ತಿದ್ದವರು ಅರ್ಧಕ್ಕೆ ಕೈ ತೊಳೆಯತೊಡಗಿದರು. ಬೆಳಿಗ್ಗೆ ಸ್ಕೂಟರ್ ಹೊರಟಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ನನಗೆ ಹೆದರಿಕೆಯಾಗಿತ್ತು. ಈ ಜೀವ ಹೀಗೇ ಕುರ್ಚಿಯಲ್ಲಿ ಕರಗಿಹೋಗುತ್ತದೇನೋ ಅನ್ನಿಸುತ್ತಿತ್ತು.

ಒಂದು ದಿನ ಸ್ಕೂಟರ್ ಕೈಕೊಟ್ಟಿತು. ಮಗಳ ಕೈ ಹಿಡಿದು ನಡೆದೆ. ಪ್ರತಿ ಚಪ್ಪಡಿಗೂ ಅವಳನ್ನು ಎತ್ತಬೇಕು, ಇಳಿಸಬೇಕು. ಬೆನ್ನು ಹಿಡಿದುಕೊಂಡು ಮನೆಗೆ ಬಂದವಳೇ ಬೀದಿಯವರನ್ನೆಲ್ಲ ಬೈದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಕುರಿ ಹೊಡ್ಕಂಡ್ ಹೋಗೋವಾಗ ಮರಿಗಳ್ನ, ಮುದಿ ಕುರಿಗಳ್ನ ಮುಂದೆ ಬಿಡ್ತೀವಿ," ಅಂದರು. "ಅವು ದಾಟಿದ್ ಕಡೆ ಎಲ್ಲಾ ದಾಟ್ತಾವೆ. ಟಗರು ನೋಡಿ ದಾರಿ ಹಿಡಿದ್ರೆ ಅರ್ಧ ಮಂದೆ ಕಾಲು ಮುರ್ಕಂತೈತೆ. ಈ ಬೀದಿ ಮಾಡಿದೋರು ಬರೀ ಟಗರು ನೋಡ್ಯಾರೆ."

"ಆ ಬೇಕರಿಯವನೇ ದೊಡ್ಡ ಟಗರು" ಅಂದೆ ನಾನು.

"ನಾನು ಬಿದ್ದಿದ್ದು ಬೇಕರಿ ಮುಂದೆ ಅಲ್ಲ ಕಣೆ. ನಮ್ ಕಟ್ಟೆ ಮುಂದೆ."

ನಮ್ಮ ಕಟ್ಟೆಯ ಸಂಗತಿ ಹೇಳಬೇಕು. ಗಿರಣಿಯ ಬಾಗಿಲ ಪಕ್ಕ ಸೊಂಟದೆತ್ತರದ ಕಲ್ಲುಕಟ್ಟೆ, ಚರಂಡಿ ದಾಟಿ ರಸ್ತೆಯ ಅಂಚಿಗೆ ಚಾಚಿಕೊಂಡಿತ್ತು. ಹಳ್ಳಿಗಳಿಂದ ತಲೆಯ ಮೇಲೆ ರಾಗಿ, ಜೋಳ ಹೊತ್ತು ನಡೆದು ಬರುವ ಹೆಂಗಸರು ಬಗ್ಗದೆ ಹೊರೆ ಇಳಿಸಲಿ ಅಂತ ಮಾವ ಕಟ್ಟಿಸಿದ್ದು. ಅದನ್ನು ಸುತ್ತಿಕೊಂಡು ಹೋಗಲು ಅತ್ತೆ ರಸ್ತೆಗೆ ಇಳಿದಿದ್ದಾರೆ, ಬೈಕೊಂದು ಮೈಗೆ ತಾಗುವಷ್ಟು ಹತ್ತಿರ ಬಂದಿದೆ, ಕಾಲು ಹೊರಳಿದೆ. ಓಡಿಬಂದು ಎತ್ತಿ ಕೂರಿಸಿದವನೇ ಬೇಕರಿಯವನು.

"ಒಂದು ತಿಂಗಳಿಂದ ಯಾಕೆ ಹೇಳಲಿಲ್ರಿ?" ಅಂತ ಕೇಳಿದೆ.

"ನಿಮ್ ಮಾವ ಕಟ್ಸಿದ್ದು. ಹೆಂಗೆ ಹೇಳಲಿ?" ಅಂದರು. ಆಮೇಲೆ ಅವರೇ ಮುಂದುವರಿಸಿದರು. "ನಡ್ಕಂಡ್ ಬರೋರಿಗೆ ಅಂತ ಕಟ್ಸಿದ್ರು. ಈಗ ಎಲ್ರೂ ಚೀಲ ಬೈಕಿನ ಮ್ಯಾಲೆ ತರ್ತಾರೆ. ನಡೆಯೋರಿಗೇ ಅಡ್ಡ ಆಗೈತೆ. ಅವ್ರಿದ್ದಿದ್ರೆ ಅವ್ರೇ ಒಡೆಸೋರು. ಒಡೆಸು."

ಮುಖ ಎಲ್ಲಿಟ್ಟುಕೊಳ್ಳುವುದೋ ತಿಳಿಯಲಿಲ್ಲ. ಊರಿನವರ ಮೆಟ್ಟಿಲನ್ನೆಲ್ಲ ಎಣಿಸಿದವಳಿಗೆ ಬಾಗಿಲಲ್ಲೇ ಇದ್ದ ಕಟ್ಟೆ ಕಂಡಿರಲಿಲ್ಲ. ಬೇಕರಿಗೆ ಹೋಗಿ, ನನ್ನ ಜನ್ಮದಲ್ಲಿ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದೆ. "ತಪ್ಪಾತು ಕಣಪ್ಪ" ಅಂದೆ. ಅವನಿಗೆ ಕೇಳಿಸಲಿಲ್ಲವೋ, ಬೇಕೆಂದೇ ಹಾಗೆ ಮಾಡಿದನೋ, "ಏನಂದ್ರಿ ಅಕ್ಕ?" ಅಂತ ಎರಡು ಸಲ ಹೇಳಿಸಿದ.

ಗಾರೆ ಕೆಲಸದವರು ಬಂದ ದಿನ ಅತ್ತೆ ತಿಂಗಳ ಮೇಲೆ ಮೊದಲ ಸಲ ಕುರ್ಚಿ ಬಿಟ್ಟೆದ್ದರು. ಬಾಗಿಲಲ್ಲಿ ನಿಂತು, ಕಟ್ಟೆಯ ಮೇಲೊಮ್ಮೆ ಕೈಯಾಡಿಸಿ, "ಹೂಂ, ಹೊಡೀರಿ" ಅಂದರು. ನನ್ನ ಕಣ್ಣಲ್ಲಿ ನೀರು ಬಂತು, ಅವರ ಕಣ್ಣಲ್ಲಿ ಬರಲಿಲ್ಲ. ಕಟ್ಟೆ ಹೋದ ಜಾಗದಲ್ಲಿ ಚಪ್ಪಡಿ ತಗ್ಗಿಸಿ ಹಾಸಿದರು. ಬೇಕರಿಯ ಕಡೆಗೆ ಇಳಿಜಾರು ಮಾಡಿದಾಗ ಅತ್ತೆ ಮೇಸ್ತ್ರಿಗೆ ಒಪ್ಪಿಗೆ ಕೊಡಲಿಲ್ಲ. "ತಡಿಯಪ್ಪ, ಮೊದ್ಲು ಮರಿ ಬಿಡಾಣ" ಅಂದು ಮೊಮ್ಮಗಳನ್ನು ನಡೆಸಿದರು. ಅವಳ ಚಪ್ಪಲಿ ಜಾರಿತು. ಮೇಸ್ತ್ರಿ ಗೊಣಗುತ್ತಲೇ ಇನ್ನೊಂದು ಪದರ ಸಿಮೆಂಟು ಬಳಿದು, ಕಾಲು ಜಾರದ ಹಾಗೆ ಅಡ್ಡಗೆರೆ ಎಳೆದ.

ಇದನ್ನೆಲ್ಲ ನೋಡುತ್ತಿದ್ದ ಬೇಕರಿಯವನು "ಹೆಂಗೂ ಗಾರೆಯೋರು ಬಂದಾರೆ, ನಮ್ದೂ ತಗ್ಗಿಸಿಬಿಡಾಣ" ಅಂದ. ಆಮೇಲೆ ಟೈಲರ್ ಅಂಗಡಿಯವರು, ಅವರಾದ ಮೇಲೆ ಔಷಧಿ ಅಂಗಡಿಯವರು. ಎಲ್ಲರೂ ಒಪ್ಪಿದರು ಅಂತ ಬರೆದರೆ ಸುಳ್ಳಾಗುತ್ತದೆ. ಶಾಲೆಯ ಹತ್ತಿರದ ಎರಡು ಮೆಟ್ಟಿಲು ಇನ್ನೂ ಹಾಗೇ ಇವೆ. ಹಾರ್ಡ್‌ವೇರ್‌ನವನ ಪೈಪಿನ ಮುಂದೆ ಅತ್ತೆ ಜಗಳವಾಡಲಿಲ್ಲ, ಸುಮ್ಮನೆ ನಿಂತರು. "ಮರಿ ಬರ್ತೈತೆ, ಒಳಗಿಟ್ಕಳಪ್ಪ." ಈಗ ಶಾಲೆಯ ಹೊತ್ತಿಗೆ ಅವನೇ ಪೈಪು ಸರಿಸಿಡುತ್ತಾನೆ. ನನ್ನ ಗಂಟಲಿಂದ ಆಗದ್ದು ಅವರ ನಿಲುವಿನಿಂದ ಆಯಿತು.

ಈಗ ಬೆಳಗಿನ ಹೊತ್ತು ಆ ದಾರಿಯಲ್ಲಿ ಯಾರ್ಯಾರನ್ನೋ ಕಾಣುತ್ತೇನೆ. ಹಿಂದಿನ ಬೀದಿಯ ರಿಟೈರ್ಡ್ ಮೇಷ್ಟ್ರು ಕೋಲೂರಿಕೊಂಡು ಬೇಕರಿಗೆ ಬರುತ್ತಾರೆ. ಬಾಣಂತನ ಮುಗಿಸಿದ ಹುಡುಗಿ ಕೂಸನ್ನೆತ್ತಿಕೊಂಡು ಔಷಧಿ ಅಂಗಡಿಗೆ ಹೋಗುತ್ತಾಳೆ. ಇವರೆಲ್ಲ ಇಷ್ಟು ದಿನ ಎಲ್ಲಿದ್ದರೋ, ಮನೆಯೊಳಗೇ ಇದ್ದರೇನೋ. ನನ್ನ ಸ್ಕೂಟರ್ ಧೂಳು ತಿನ್ನುತ್ತಿದೆ.

ಅತ್ತೆ, ಮೊಮ್ಮಗಳು ಮೊದಲ ಸಲ ಇಬ್ಬರೇ ಹೊರಟ ದಿನ ನನಗೆ ಜೀವ ತಡೆಯಲಿಲ್ಲ. ಗಿರಣಿ ನಿಲ್ಲಿಸಿ, ಹಿಟ್ಟು ಮೆತ್ತಿದ ಸೀರೆಯಲ್ಲೇ ಹತ್ತು ಮಾರು ಹಿಂದೆ ಕಳ್ಳಿಯ ಹಾಗೆ ನಡೆದೆ. ಮಗಳು ಮುಂದೆ ಕುಣಿಯುತ್ತಾ, ಅತ್ತೆ ಹಿಂದೆ ನಿಧಾನವಾಗಿ ಹೆಜ್ಜೆ ಊರುತ್ತಾ. ಟೈಲರ್ ಅಂಗಡಿ ದಾಟಿದ ಮೇಲೆ ಅತ್ತೆ ತಿರುಗದೆಯೇ ಗದರಿದರು.

"ಹಿಂದೆ ಯಾಕ್ ಬರ್ತೀಯೇ? ನಾನೇನ್ ಕುರಿನಾ?"

ನಾನು ನಿಂತೆ.

"ಮುಂದೆ ಮರಿ ಐತೆ, ಹಿಂದೆ ನಾನಿದೀನಿ. ಕಾಯೋಳು ನಾನು. ನೀನ್ ಹೋಗಿ ಗಿರಣಿ ನೋಡ್ಕ."